ಗೋಲಿಗೊಂದು ಸಾವಿರ

ಹೋದ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಕೆಲಸಕ್ಕೆ ನನ್ನನ್ನು ಆದೋನಿಗೆ ಹಾಕಿದ್ದರು. ಗೋನೆಗಂಡ್ಲದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ಮೂರು ವರ್ಷ ಆದೋನಿಯಲ್ಲೇ ಡಿಗ್ರಿ ಓದಿದವಳಾದರೂ ಆಮೇಲೆ ಬಸ್ಸು ಬದಲಿಸುವುದಕ್ಕೆ, ಒಂದು ಸಾವಿಗೆ ಬಿಟ್ಟರೆ ಆ ಊರಿನಲ್ಲಿ ಕಾಲಿಟ್ಟಿರಲಿಲ್ಲ. ಮೊದಲ ದಿನದ ಪರೀಕ್ಷೆ ಮುಗಿದು, ಉತ್ತರ ಪತ್ರಿಕೆಗಳ ಕಟ್ಟಿಗೆ ಅರಗು ಹಾಕಿ, ಎಲ್ಲರೂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಸೋಷಲ್ ಮೇಷ್ಟರೊಬ್ಬರು ಫೋನಿನಲ್ಲಿ ಏನನ್ನೋ ಓದಿ ಹಣೆ ಬಡಿದುಕೊಂಡರು.

"ನೋಡ್ರಿ ಇಲ್ಲಿ. ಬಾಲ್ ಒದಿಯಾವನಿಗೆ ವರ್ಷಕ್ಕ ನೂರಾರು ಕೋಟಿ ಅಂತ. ನಿನ್ನಿ ಮ್ಯಾಚಿನಾಗ ಪೆನಾಲ್ಟಿ ಹೊರಗ ಹೊಡ್ದಾನ. ಅಷ್ಟು ರೊಕ್ಕ ಕೈಯಾಗ ಬಂದ ಮ್ಯಾಲ ಯಾರು ಓಡ್ತಾರ್ರಿ? ಮಲಕ್ಕೊಂತಾರ."

"ನನಗ ಕೊಡ್ಲಿ, ಗುಂತಕಲ್ಲಿನ ತನಕ ಓಡ್ತೀನಿ," ಅಂದರು ಹಿಂದಿ ಪಂಡಿತರು. ಎಲ್ಲರೂ ನಕ್ಕರು.

ಸೋಷಲ್ ಮೇಷ್ಟರು ನನ್ನ ಕಡೆ ತಿರುಗಿದರು. "ಮೇಡಂ, ನೀವು ಕಾಲೇಜಿನಾಗ ಫುಟ್‌ಬಾಲ್ ಆಡ್ತಿದ್ರಂತಲ್ಲ? ನೀವ ಹೇಳ್ರಿ. ರೊಕ್ಕ ಜಾಸ್ತಿ ಆದ್ರ ಆಟ ಛಲೋ ಆಗತೈತೋ, ಕೆಡತೈತೋ?"

ಏನೋ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಕಿಟಕಿಯಿಂದ ಬಿಸಿಗಾಳಿ ಒಳಗೆ ಬಂತು. ಅದರ ಜೊತೆ ಹತ್ತಿ ಮಿಲ್ಲುಗಳ ವಾಸನೆಯೂ ಬಂತು. ಬಿಸಿಲಿಗೆ ಕಾದ ಹತ್ತಿಬೀಜದ್ದು. ಎಣ್ಣೆಯ ಜಿಡ್ಡು, ಸ್ವಲ್ಪ ಧೂಳು, ಸ್ವಲ್ಪ ಹಸಿಹಸಿ. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ. "ಗೊತ್ತಿಲ್ರಿ ಸರ್," ಅಂದುಬಿಟ್ಟೆ. ನಿಜವಾಗಿ ನನಗೆ ಗೊತ್ತಿತ್ತು. ಒಂದು ಚಳಿಗಾಲದಷ್ಟು ಗೊತ್ತಿತ್ತು.

ಅದು ನಮ್ಮ ಡಿಗ್ರಿಯ ಕೊನೆಯ ವರ್ಷ. ಎಂಟು ವರ್ಷದ ಹಿಂದಿನ ಮಾತು. ನಾನು ಮದ್ದಿಕೇರದವಳು, ಅಪ್ಪ ಅಲ್ಲಿ ಒಂದು ಆಫೀಸಿನಲ್ಲಿ ಅಟೆಂಡರ್ ಆಗಿದ್ದ. ಆದೋನಿಯ ಹುಡುಗಿಯರ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆ ಮಲ್ಲಮ್ಮನದು. ಅವಳು ಹಾಲಹರವಿ ಕಡೆಯವಳು. ಅಪ್ಪ ಇರಲಿಲ್ಲ, ಅವ್ವ ಹೊಲಗೆಲಸಕ್ಕೆ ಹೋಗುತ್ತಿದ್ದಳು. ಹಾಜರಿ ಪುಸ್ತಕದಲ್ಲಷ್ಟೇ ಅವಳು ಮಲ್ಲಮ್ಮ, ನಮಗೆಲ್ಲ ಮಲ್ಲಿ. ಸಣ್ಣ ಮೈಯವಳು, ಉದ್ದ ಕಾಲಿನವಳು. ನಡೆಯುವಾಗ ಸುಮಾರಾಗಿ ಕಾಣುತ್ತಿದ್ದಳು. ಓಡತೊಡಗಿದರೆ ನೋಡುವವರು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು.

ನಮಗೆ ಆಟ ಕಲಿಸಿದವರು ಖಾದರ್ ಸಾರ್. ಗುಂತಕಲ್ಲಿನಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಹರೆಯದಲ್ಲಿ ರೈಲ್ವೆ ಟೀಮಿಗೆ ಆಡಿದ್ದರು, ಆ ನೌಕರಿ ಸಿಕ್ಕಿದ್ದೂ ಬಾಲಿನಿಂದಲೇ. ದಿನಾ ಬೆಳಗ್ಗೆ ಆರಕ್ಕೆ ಹಳೆಯ ಮೊಪೆಡ್ಡಿನ ಹಿಂದೆ ಬಲೆಯ ಚೀಲದಲ್ಲಿ ನಾಲ್ಕು ಬಾಲು ಕಟ್ಟಿಕೊಂಡು ಬರುತ್ತಿದ್ದರು. ನಮ್ಮಿಂದಾಗಲಿ ಕಾಲೇಜಿನಿಂದಾಗಲಿ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಕಲ್ಲುಗುಡ್ಡದ ಬುಡದಲ್ಲಿದ್ದ ನಮ್ಮ ಮೈದಾನದಲ್ಲಿ ಹುಲ್ಲೆಂಬುದೇ ಇರಲಿಲ್ಲ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಚಳಿಗೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ ನಮ್ಮನ್ನು ಸಾರ್ ಓಡಿಸುತ್ತಿದ್ದರು. "ಚಲೋ ಬೇಟಾ, ಥಂಡಿ ಕಾಲಿಗೆ ಆಗ್ತೈತಿ, ಬಾಲಿಗೆ ಆಗಲ್ಲ!"

ನಾನು ಮೈದಾನದ ನಡುವೆ ಆಡುತ್ತಿದ್ದೆ, ಮಲ್ಲಿ ಮುಂದೆ. ಬಾಲು ನನ್ನ ಕಾಲಿಗೆ ಬಂದರೆ ಅವಳು ಎಲ್ಲಿದ್ದಾಳೆಂದು ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಜಲ್ಲಿಯ ಮೇಲೆ ಅವಳ ಹೆಜ್ಜೆ ಬೀಳುವ ಸದ್ದು ನನಗೆ ಬೇರೆಯಾಗಿ ಕೇಳಿಸುತ್ತಿತ್ತು. ಅವಳು ಓಡುವ ಜಾಗಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಬಾಲು ಕಳಿಸಿದರೆ ಸಾಕು, ಮುಂದಿನದು ಅವಳ ಪಾಲು. ಬೇರೆ ಹುಡುಗಿಯರು "ನನಗ ಕೊಡs, ಇಲ್ಲಿ ಇಲ್ಲಿ" ಎಂದು ಕೂಗಾಡುತ್ತಿದ್ದರು. ಮಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಕನ್ನಡದಾಗ ಕೂಗಿದ್ರೂ ಎದುರಿನವ್ರಿಗೆ ಗೊತ್ತಾಗತೈತಿ, ತೆಲುಗಿನಾಗ ಕೂಗಿದ್ರೂ ಗೊತ್ತಾಗತೈತಿ. ಸುಮ್ನ ಓಡೋದು ಛಲೋ," ಅನ್ನುತ್ತಿದ್ದಳು.

ದಸರಾ ರಜೆಯಲ್ಲಿ ಅವಳ ಜೊತೆ ಅವಳ ಊರಿಗೆ ಹೋಗಿದ್ದೆ. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿತ್ತು. ಮಲ್ಲಿಯ ಅವ್ವ ಹನುಮಕ್ಕ ಹತ್ತಿ ಬಿಡಿಸಲು ಹೋಗುವಾಗ ನಾವಿಬ್ಬರೂ ಹೋದೆವು. ಕಿಲೋ ಲೆಕ್ಕದ ಕೂಲಿ. ಸೀರೆಯ ಸೆರಗನ್ನು ಸೊಂಟಕ್ಕೆ ಚೀಲದಂತೆ ಕಟ್ಟಿಕೊಂಡು ಸಾಲು ಹಿಡಿದರೆ ಹನುಮಕ್ಕನ ಎರಡು ಕೈಯೂ ಎರಡು ಗಿಡದ ಮೇಲೆ ಇರುತ್ತಿದ್ದವು. ನಾನು ಅರ್ಧ ಸಾಲಿಗೇ ಸೊಂಟ ಹಿಡಿದುಕೊಂಡು ನಿಂತೆ.

"ದಿನಗೂಲಿ ಇದ್ರ ಹಂಗ ನಿಂದ್ರಬೌದು ಯವ್ವ," ಅಂದಳು ಹನುಮಕ್ಕ ತಲೆಯೆತ್ತದೆ. "ಕಿಲೋ ಅಂದ್ರ ನೀರು ಕುಡಿಯಾಕೂ ಮನಸಾಗಂಗಿಲ್ಲ."

ಅವಮಾನವಾದಂತಾಗಿ ನಾನೂ ಬಿರುಸಾಗಿ ಕೀಳತೊಡಗಿದೆ. ಒಣ ಎಲೆ, ಅರೆಬಿರಿದ ಕಾಯಿ, ಕಡ್ಡಿ ಎಲ್ಲವೂ ಉಡಿಗೆ ಬಂತು. ಮಲ್ಲಿ ನೋಡಿ, ನನ್ನ ಉಡಿಗೆ ಕೈಹಾಕಿ ಕಸವನ್ನು ಒಂದೊಂದಾಗಿ ತೆಗೆದು ಬಿಸಾಡಿದಳು.

"ಯಾಕಲೇ? ತೂಕ ಬರ್ತೈತಲ್ಲ," ಅಂದೆ.

"ಅದು ಹತ್ತಿ ಅಲ್ಲಲೇ," ಅಂದಳು ಅಷ್ಟೇ. ಮಾಲೀಕ ಹೊಲದಲ್ಲಿರಲಿಲ್ಲ. ನೋಡುವವರೂ ಯಾರೂ ಇರಲಿಲ್ಲ. ಆ ದಿನ ಸಂಜೆ ತಕ್ಕಡಿಗೆ ಹಾಕಿದಾಗ ಅವಳದು ನನ್ನದಕ್ಕಿಂತ ಎರಡರಷ್ಟು ತೂಗಿತು. ಹನುಮಕ್ಕ ನನ್ನದನ್ನು ನೋಡಿ ನಕ್ಕು, ರಾತ್ರಿ ಊಟಕ್ಕೆ ನನಗೊಂದು ರೊಟ್ಟಿ ಜಾಸ್ತಿ ಹಾಕಿದಳು.

ದೀಪಾವಳಿ ಮುಗಿದ ಮೇಲೆ ಮೈದಾನಕ್ಕೆ ಈರಣ್ಣ ಸಾವ್ಕಾರರು ಬಂದರು. ಊರಿನಲ್ಲಿ ಹತ್ತಿ ಮಿಲ್ಲು ಇಟ್ಟಿದ್ದವರು. ನಂದ್ಯಾಲ ಕಡೆಯ ಒಂದು ಕಾಲೇಜಿನ ಮೇಲೆ ನಾವು ಆಡುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದವರು ಕಾರು ನಿಲ್ಲಿಸಿ, ಬಾಗಿಲಿಗೆ ಒರಗಿ ಕೊನೆಯವರೆಗೂ ನೋಡಿದರು. ಮಲ್ಲಿ ಎರಡು ಗೋಲು ಹೊಡೆದಳು. ಮಾರನೆಯ ವಾರ ನಮ್ಮ ಹದಿನಾಲ್ಕು ಮಂದಿಗೂ ಬೂಟು, ಹಳದಿ ಜೆರ್ಸಿ ಬಂದವು. ಅದುವರೆಗೆ ನಮ್ಮಲ್ಲಿ ಅರ್ಧದಷ್ಟು ಜನ ಕ್ಯಾನ್ವಾಸ್ ಶೂ ಹಾಕಿಕೊಂಡೇ ಆಡುತ್ತಿದ್ದರು. ಆ ಹೊಸ ಬೂಟಿನ ವಾಸನೆಗೆ ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದವರೂ ಇದ್ದರು. ನಾನೂ ಮಲಗಿದ್ದೆ.

ಸಾವ್ಕಾರರು ಒಳ್ಳೆಯವರೇ. ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ಚಪ್ಪಾಳೆ, ಗದ್ದಲ ಅಂದರೆ ಅವರಿಗೆ ಬಲು ಇಷ್ಟ. ಎಮ್ಮಿಗನೂರಿನ ಮ್ಯಾಚಿಗೆ ಎರಡು ದಿನ ಇರುವಾಗ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಲುಗಿನಲ್ಲಿ ಅಂದರು: "ಒಕ್ಕೊ ಗೋಲುಕಿ ವೆಯ್ಯಿ!" ನಮಗೆ ಅರ್ಥವಾಗಿದ್ದರೂ ಮತ್ತೆ ಕನ್ನಡದಲ್ಲಿ ಹೇಳಿದರು. "ಒಂದೊಂದು ಗೋಲಿಗೆ ಸಾವಿರ. ಯಾರು ಹೊಡಿತಾರ, ಅವ್ರ ಕೈಗೆ, ಅಲ್ಲೇ ಮೈದಾನದಾಗ."

ಖಾದರ್ ಸಾರ್ ಗಡ್ಡ ಕೆರೆದುಕೊಂಡರು. "ಸಾವ್ಕಾರ್, ಕೊಡೋದಿದ್ರ ಹನ್ನೊಂದು ಮಂದಿಗೂ ಹಂಚಿ ಕೊಡ್ರಿ."

"ನನ್ನ ಮಿಲ್ಲಿನಾಗ ಮೂಟಿ ಲೆಕ್ಕ ಸಾರ್. ಎಷ್ಟು ಎತ್ತಿದ್ರ ಅಷ್ಟು. ಎತ್ತದೋರಿಗೂ ಹಂಚಿದ್ರ ಮೂಟಿ ಎತ್ತೋರು ಯಾರು?"

"ಇಲ್ಲಿ ಒಂದs ಮೂಟಿ ಹನ್ನೊಂದು ಮಂದಿ ಎತ್ತತಾರ ಸಾವ್ಕಾರ್," ಅಂದರು ಸಾರ್. ಸಾವ್ಕಾರರು ನಕ್ಕು ಅವರ ಬೆನ್ನು ತಟ್ಟಿದರು. ಕಾಲಿಗೆ ಬೂಟು ಹಾಕಿಸಿದವರ ಮಾತನ್ನು ಸಾರ್ ಎಷ್ಟೆಂದು ತಳ್ಳಿಹಾಕಿಯಾರು?

ಎಮ್ಮಿಗನೂರಿನ ಆ ಮ್ಯಾಚು ಈಗ ನೆನೆದರೆ ನಗು ಬರುತ್ತದೆ. ಬಾಲು ಯಾರ ಕಾಲಿಗೆ ಬಂದರೂ ಅವರೇ ಗೋಲಿನ ಕಡೆ ಒದೆಯುವುದು. ಹಿಂದೆ ನಿಂತು ಕಾಯಬೇಕಾದವರೆಲ್ಲ ಮುಂದೆ ಬಂದರು. ಎರಡು ಸಲ ಬಾಲು ಕಾಂಪೌಂಡು ದಾಟಿ ನೇಕಾರರ ಓಣಿಗೆ ಹೋಯಿತು. ಅಲ್ಲಿನ ಹೆಂಗಸರು ಬೈದುಕೊಂಡು ಅದನ್ನು ಎಸೆದರು. ನಮ್ಮ ಗೋಲ್ ಕೀಪರ್ ಕೂಡ ಒಂದು ಸಲ ನಡುಗೆರೆ ದಾಟಿ ಬಂದುಬಿಟ್ಟಳು. ಖಾದರ್ ಸಾರ್ ಗೆರೆಯ ಹೊರಗೆ ಕೂತು ಎರಡು ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು. ಆಟ ಒಂದಕ್ಕೆ ಒಂದು ಸಮವಾಯಿತು. ನಮ್ಮ ಆ ಒಂದು ಗೋಲೂ ಹಳೆಯ ರೀತಿಯಲ್ಲೇ ಬಂದದ್ದು. ನಾನು ಕಳಿಸಿದ ಬಾಲಿಗೆ ಮಲ್ಲಿ ಓಡಿದಳು, ಹೊಡೆದಳು.

ಸಾವ್ಕಾರರು ಮೈದಾನದ ನಡುವೆ ನಿಂತು ಅವಳ ಹೆಸರು ಕೂಗಿ ಕರೆದರು. ಎರಡು ಐನೂರರ ನೋಟು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು, ಯಾರೋ ಫೋಟೋ ತೆಗೆದರು. ನಾನು ಎರಡು ಮಾರು ದೂರದಲ್ಲಿ ಬೂಟಿನ ದಾರ ಬಿಚ್ಚುತ್ತ ಕೂತಿದ್ದೆ. ನನಗೆ ಹಣದ ಆಸೆ ಇರಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಆ ಹೆಸರು ಕೂಗಿದ ಸದ್ದು. ಅಷ್ಟು ಜನರ ನಡುವೆ ನನ್ನ ಹೆಸರನ್ನು ಯಾರೂ ಯಾವತ್ತೂ ಕೂಗಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಲ್ಲಿ ನನ್ನ ಪಕ್ಕ ಕೂತು ಒಂದು ಐನೂರರ ನೋಟನ್ನು ನನ್ನ ಅಂಗೈಗೆ ತುರುಕಿದಳು. "ಅರ್ಧ ನಿಂದು ಸುಜಿ."

"ಗೋಲು ಹೊಡ್ದಾಕಿ ನೀನು. ನಾ ಏನು ಭಿಕ್ಷಾ ಬೇಡಿನೇನು?" ಅಂದೆ. ನೋಟು ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳದೆ ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಮಡಿಚಿ ಇಟ್ಟುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆಮೇಲಿನ ಮೂರು ನಾಲ್ಕು ವಾರಗಳಲ್ಲಿ ಇನ್ನೂ ಕೆಲವು ಮ್ಯಾಚುಗಳಾದವು. ನಾನು ಬಾಲು ಕೊಡುತ್ತಿದ್ದೆ, ಅವಳು ಹೊಡೆಯುತ್ತಿದ್ದಳು. ಬೆಳಗ್ಗೆ ಮೈದಾನದಿಂದ ಬರುವಾಗ ಎಲ್ಲರೂ ಕೂಡಿ ತಳ್ಳುಗಾಡಿಯ ಹತ್ತಿರ ಮಂಡಕ್ಕಿ ಉಗ್ಗಾಣಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು. ಆದರೆ ಮೊದಲಿನ ಹಾಗೆ ಅವಳ ತಟ್ಟೆಯಿಂದ ಬಜ್ಜಿ ಕಿತ್ತುಕೊಳ್ಳಲು ನನ್ನ ಕೈ ಮುಂದೆ ಹೋಗುತ್ತಿರಲಿಲ್ಲ. ಬಂದ ಹಣದಲ್ಲಿ ಮಲ್ಲಿ ತನ್ನ ಅವ್ವನನ್ನು ಬಳ್ಳಾರಿಗೆ ಕರೆದೊಯ್ದು ಸೊಂಟದ ನೋವಿಗೆ ತೋರಿಸಿ ಬಂದಳು. ಆ ವಿಷಯ ಬೇರೆಯವರ ಬಾಯಿಂದ ನನಗೆ ತಿಳಿಯಿತು. ಮೊದಲಾಗಿದ್ದರೆ ನಾನೂ ಅವರ ಜೊತೆ ಆಸ್ಪತ್ರೆಗೆ ಹೋಗಿರುತ್ತಿದ್ದೆ.

ಡಿಸೆಂಬರಿನಲ್ಲಿ ಕರ್ನೂಲಿನಲ್ಲಿ ಕಾಲೇಜುಗಳ ಪಂದ್ಯಾವಳಿ ನಡೆಯಿತು. ನಾವು ಫೈನಲ್ ತಲುಪಿದೆವು. ಆ ದಿನ ಪೆಂಡಾಲಿನಲ್ಲಿ ಪುಣೆ ಕಡೆಯ ಒಂದು ಮಹಿಳಾ ಕ್ಲಬ್ಬಿನವರು ಇಬ್ಬರು ಬಂದು ಕೂತಿದ್ದಾರೆ, ತಿಂಗಳ ಸಂಬಳ ಕೊಟ್ಟು ಆಡಿಸಿಕೊಳ್ಳುತ್ತಾರೆ ಎಂದು ಸುದ್ದಿ ಹಬ್ಬಿತು. ಸಾವ್ಕಾರರೂ ಬಂದಿದ್ದರು. ಎಲ್ಲ ಹುಡುಗಿಯರ ಕಣ್ಣೂ ಪೆಂಡಾಲಿನ ಕಡೆಗೇ.

ಆಟ ಮುಗಿಯಲು ಐದು ನಿಮಿಷ ಇತ್ತು. ಇನ್ನೂ ಯಾರೂ ಗೋಲು ಹೊಡೆದಿರಲಿಲ್ಲ. ಎದುರಿನವಳ ಕಾಲಿನಿಂದ ಬಾಲು ಕಸಿದುಕೊಂಡು ನಾನು ಮುಂದೆ ಓಡಿದೆ. ನನ್ನ ಮುಂದೆ ಒಬ್ಬಳೇ ಅಡ್ಡ ಇದ್ದಳು. ಎಡಗಡೆ ಮಲ್ಲಿ ಒಬ್ಬಂಟಿ. ಅವಳ ಹತ್ತಿರ ಯಾರೂ ಇರಲಿಲ್ಲ. ಕೊಟ್ಟಿದ್ದರೆ ಸಾಕಿತ್ತು. ಅವಳು "ಸುಜೀ!" ಎಂದು ಕೂಗಿದಳು. ಇಡೀ ಮೈದಾನಕ್ಕೆ ಕೇಳಿಸುವಂತೆ ಕೂಗಿದಳು.

ನಾನು ಕೊಡಲಿಲ್ಲ. ಬಲಗಾಲಿನಿಂದ ನಾನೇ ಬೀಸಿ ಹೊಡೆದೆ. ಬಾಲು ಗೋಲಿನ ಕಂಬದ ಮೇಲಿನಿಂದ ಹಾರಿಹೋಯಿತು.

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತೆ. ಅವರ ಕೀಪರ್ ತಡ ಮಾಡದೆ ಬಾಲನ್ನು ದೂರಕ್ಕೆ ಒದ್ದಳು. ಅವರ ಕಡೆಯ ಒಬ್ಬಳು ಅದನ್ನು ಹಿಡಿದು ನಮ್ಮ ಗೋಲಿನ ಕಡೆ ಓಡಿದಳು. ನಮ್ಮವರು ಬಹುತೇಕ ಎಲ್ಲರೂ ಮುಂದೆ ಬಂದುಬಿಟ್ಟಿದ್ದೆವು. ಆಗ ನನ್ನ ಪಕ್ಕದಲ್ಲೇ ಏನೋ ಸರ್ರನೆ ಹಾದುಹೋದಂತಾಯಿತು. ಮಲ್ಲಿ. ಆ ತುದಿಯಿಂದ ಈ ತುದಿಯವರೆಗೆ, ಇಡೀ ಮೈದಾನದ ಉದ್ದಕ್ಕೂ ಅವಳು ಹಿಂದಕ್ಕೆ ಓಡಿದಳು. ಮುಂದೆ ಆಡುವವಳು ಹಾಗೆ ಓಡಬೇಕೆಂದು ಯಾರೂ ಹೇಳಿರಲಿಲ್ಲ. ಆ ಓಟಕ್ಕೆ ಯಾರೂ ಸಾವಿರ ಇಟ್ಟಿರಲಿಲ್ಲ. ಗೋಲಿನ ಗೆರೆಯ ಹತ್ತಿರ ಜಾರಿ ಬಿದ್ದು ಕಾಲು ಚಾಚಿದಳು. ಬಾಲು ಅವಳ ಬೂಟಿನ ತುದಿಗೆ ತಾಗಿಯೂ ಒಳಗೆ ಹೋಯಿತು. ಅವಳೂ ಬಾಲಿನ ಜೊತೆಗೇ ಬಲೆಯೊಳಗೆ ಬಿದ್ದಿದ್ದಳು.

ನಾವು ಸೋತೆವು.

ಬಸ್ಸಿನಲ್ಲಿ ಖಾದರ್ ಸಾರ್ ನನ್ನ ಪಕ್ಕ ಬಂದು ಕೂತರು. ಜೇಬಿನಿಂದ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಬೇಟಾ, ಆಕಿ ನಿನ್ನ ಕಣ್ಣಿಗೆ ಬಿದ್ದಿದ್ಳಲ್ಲ?"

"ಬಿದ್ದಿದ್ಳು ಸಾರ್."

"ಹಾಂ," ಅಂದರು. ಅದರ ಬಗ್ಗೆ ಅವರು ಇನ್ಯಾವತ್ತೂ ಮಾತೆತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ದಿನದ ಮೇಲೆ ಕ್ಲಬ್ಬಿನವರು ಸಾರಿಗೆ ಫೋನು ಮಾಡಿದರು. ಹಳದಿ ಜೆರ್ಸಿಯ ಆ ಹುಡುಗಿ ಬೇಕು, ಹಿಂದಕ್ಕೆ ಓಡಿದವಳು, ಅಂದರಂತೆ. ಆ ದಿನ ಅವಳು ಒಂದು ಗೋಲನ್ನೂ ಹೊಡೆದಿರಲಿಲ್ಲ. ಅವರು ಬರೆದುಕೊಂಡದ್ದು ಆ ಓಟವನ್ನು.

ಸಂಕ್ರಾಂತಿ ಕಳೆದ ಮೇಲೆ ಆದೋನಿ ಸ್ಟೇಷನ್ನಿನಿಂದ ಮಲ್ಲಿ ಹೊರಟಳು. ಮಧ್ಯಾಹ್ನದ ಗಾಡಿ. ಖಾದರ್ ಸಾರ್ ಜೊತೆಗೆ ಹೋಗಿ ಬಿಟ್ಟುಬರುವವರಿದ್ದರು. ಹನುಮಕ್ಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನಿಂತಿದ್ದಳು. ಕ್ಷಮೆ ಕೇಳಬೇಕೆಂದೇ ನಾನು ಹೋಗಿದ್ದೆ. ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಹನುಮಕ್ಕ ಮಗಳನ್ನು ಕೇಳಿದಳು:

"ತಿಂಗಳಾ ತಿಂಗಳಾ ಕೊಡ್ತಾರಂತಲ್ಲ, ಗೋಲು ಹೊಡೀಲಿಲ್ಲಂದ್ರೂ ಕೊಡ್ತಾರೇನು?"

"ಕೊಡ್ತಾರ ಬೇ."

"ಬಿದ್ದು ಕಾಲು ನೋವಾಗಿ ಕುಂತ್ರೂ?"

"ಕೊಡ್ತಾರಂತ."

"ಮತ್ಯಾಕ ಓಡ್ತಿ?"

ಖಾದರ್ ಸಾರ್ ಗಟ್ಟಿಯಾಗಿ ನಕ್ಕರು. ಮಲ್ಲಿಯೂ ನಗಲು ಹೋದಳು. ಆದರೆ ಅವ್ವ ತಮಾಷೆಗೆ ಕೇಳಿರಲಿಲ್ಲ. ಜೀವಮಾನವೆಲ್ಲ ಕಿಲೋ ಲೆಕ್ಕದಲ್ಲಿ ಬಗ್ಗಿದವಳು ನಿಜವಾಗಿಯೇ ತಿಳಿಯಬೇಕೆಂದು ಕೇಳಿದ್ದಳು. ಮಲ್ಲಿ ಯೋಚಿಸಿದಳು. "ಗೊತ್ತಿಲ್ಲ ಬೇ," ಅಂದಳು. "ಬಾಲು ಹೋದ್ರ ಕಾಲು ಹೋಗತಾವ." ಅಷ್ಟರಲ್ಲಿ ಗಾಡಿ ಬಂತು. ಜೋಡಿಸಿಕೊಂಡ ಮಾತು ನನ್ನ ಬಾಯಲ್ಲೇ ಉಳಿಯಿತು. ಅವಳು ಬಾಗಿಲಲ್ಲಿ ನಿಂತು, "ಪರೀಕ್ಷಿ ಛಂದಾಗಿ ಬರಿ ಸುಜಿ," ಅಂದಳು. ಗಾಡಿ ಸಿಗ್ನಲ್ ದಾಟುವವರೆಗೂ ನಾನು ಪ್ಲಾಟ್‌ಫಾರ್ಮಿನ ಮೇಲೆ ಗಾಡಿಯ ಜೊತೆ ಓಡಿದೆ ಎಂದು ಬರೆಯಬಹುದಿತ್ತು. ಓಡಲಿಲ್ಲ. ಹನುಮಕ್ಕನ ಕೈ ಹಿಡಿದು ನಿಂತಿದ್ದೆ. ಆ ಅಂಗೈಯ ತುಂಬ ಹತ್ತಿಕಾಯಿಯ ಚೂಪು ತುದಿ ಗೀರಿದ ಗೆರೆಗಳಿದ್ದವು.

ಪರೀಕ್ಷೆಗೆ ಮೊದಲು, ಮಲ್ಲಿ ಇಲ್ಲದ ಆ ಎರಡು ತಿಂಗಳಲ್ಲಿ ನಾನು ಒಂದೆರಡು ಸಲ ಮೈದಾನಕ್ಕೆ ಹೋದೆ. ಬಾಲು ಕಾಲಿಗೆ ಬಂದಾಗ ಕಿವಿಗೊಟ್ಟು ನಿಲ್ಲುತ್ತಿದ್ದೆ. ಹತ್ತು ಜೊತೆ ಹೆಜ್ಜೆಗಳು ಕೇಳಿಸುತ್ತಿದ್ದವು, ಬೇಕಾದದ್ದು ಇರುತ್ತಿರಲಿಲ್ಲ. ಬೂಟನ್ನು ಹಾಸ್ಟೆಲಿನ ಜೂನಿಯರ್ ಒಬ್ಬಳಿಗೆ ಕೊಟ್ಟು ಓದಲು ಕೂತೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಅವಳು ರಜೆಗೆ ಊರಿಗೆ ಬಂದಾಗ ನಾನು ಹಾಲಹರವಿಗೆ ಹೋದೆ. ಮನೆಯ ಮುಂದಿನ ಬೇವಿನ ಮರದ ನೆರಳಲ್ಲಿ ಮಂಚ ಹಾಕಿಕೊಂಡು ಕೂತೆವು. ಹನುಮಕ್ಕ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಳು. ಆ ಹೊತ್ತಿನಲ್ಲಿ ಅವಳು ಮನೆಯೊಳಗೆ ಮಲಗಿ ನಿದ್ದೆ ಮಾಡುತ್ತಿದ್ದಳು. ಹಗಲು ಹೊತ್ತು ಆಕೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮೊದಲ ಸಂಬಳ ಬಂದ ಮ್ಯಾಲ ನಾಕು ಮ್ಯಾಚು ನನ್ನ ಕಾಲು ಏಳಲೇ ಇಲ್ಲ ನೋಡಲೇ," ಅಂದಳು ಮಲ್ಲಿ. "ಬಾಲು ತಪ್ಪಿದ್ರ ಯಾರದೋ ರೊಕ್ಕ ಕಳದಂಗ ಆಗ್ತಿತ್ತು. ಬಾತ್‌ರೂಮಿನಾಗ ಕುಂತು ಅಳ್ತಿದ್ದೆ. ಆಮ್ಯಾಲ ನಮ್ಮ ಟೀಮಿನಾಗ ಒಬ್ಬಾಕಿ ದೊಡ್ಡಾಕಿ ಅದಾಳ, ಆಕಿ ಹೇಳಿದ್ಲು. ಸಂಬಳ ಕೊಡೋದು ನಿನ್ನ ಓಡಸಾಕಲ್ಲ ಹುಡುಗಿ, ನೀನು ಹೊಟ್ಟಿಗಂತ ಬ್ಯಾರೆ ಕಡಿ ಓಡಬಾರದಂತ ಕೊಡ್ತಾರ ಅಂತ. ಆವತ್ತಿಂದ ಕಾಲು ಹಗೂರ ಆದವು."

ಆಗ ನಾನು ಹೇಳಿಬಿಟ್ಟೆ. ಕರ್ನೂಲಿನಲ್ಲಿ ನೀನು ನನ್ನ ಕಣ್ಣಿಗೆ ಬಿದ್ದಿದ್ದೆ, ಬೇಕೆಂದೇ ಕೊಡಲಿಲ್ಲ, ನನ್ನ ಹೆಸರನ್ನೂ ಯಾರಾದರೂ ಕೂಗಲಿ ಎಂದು ಹೊಡೆದೆ ಎಂದು. ಹೇಳುವಾಗ ನೆಲ ನೋಡುತ್ತಿದ್ದೆ.

ಮಲ್ಲಿ ಮಂಚದ ಮೇಲೆ ಬಿದ್ದಿದ್ದ ಬೇವಿನ ಎಲೆಯೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದಳು.

"ನಾ ಯಾವತ್ತರ ನಿನ್ನ ಕೂಗಿದ್ನೇನಲೇ ಅದಕ್ಕ ಮೊದಲ?" ಅಂದಳು ಕೊನೆಗೆ. "ಆವತ್ತು ಕೂಗಿದೆ. ನಿನಗಂತ ಕೂಗಲಿಲ್ಲ ನಾನು. ಪೆಂಡಾಲಿನಾಗ ಕುಂತೋರು ನನ್ನ ಕಡಿ ನೋಡ್ಲಿ ಅಂತ ಕೂಗಿದೆ. ನೀ ಅದಕ್ಕs ಗಾಬರಿ ಆಗಿ ಹೊಡ್ದಿ ಅಂತ ಇಷ್ಟು ದಿನ ತಿಳಕೊಂಡೀನಿ. ಅದಕ್ಕs ಹಿಂದಕ್ಕ ಓಡಿದ್ದು. ತಪ್ಪು ನಂದು ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅವಳು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಅವಳು ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ಎಮ್ಮೆ ಕರುವನ್ನು ಸಮಾಧಾನ ಮಾಡುವವಳ ಹಾಗೆ ಬೆನ್ನು ತಟ್ಟುತ್ತ ಕೂತಳು.

ಆಮೇಲೆ ನಾವು ನಮ್ಮ ನಮ್ಮ ಕೆಲಸದಲ್ಲಿ ಮುಳುಗಿದೆವು. ನಾನು ಬಿ.ಎಡ್. ಮಾಡಿ ನೌಕರಿಗೆ ಸೇರಿದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಮಲ್ಲಿ ಐದು ಸೀಜನ್ ಆಡಿದಳು. ನಮ್ಮ ಸೋಷಲ್ ಮೇಷ್ಟರು ಓದಿದ ಕೋಟಿಗಳ ಮುಂದೆ ಅವಳ ಸಂಬಳ ಏನೂ ಅಲ್ಲ. ತಿಂಗಳಿಗೆ ನನಗೆ ಬರುವಷ್ಟೂ ಇರಲಿಲ್ಲ. ಅದರಲ್ಲೇ ಊರಲ್ಲಿ ಎರಡು ಕೋಣೆ ಕಟ್ಟಿಸಿದಳು. ಎಡ ಮೊಣಕಾಲಿಗೆ ಎರಡು ಆಪರೇಷನ್ ಆದವು. ಎರಡನೆಯದರ ಮೇಲೆ ಕ್ಲಬ್ಬಿನವರು ಕರೆಯಲಿಲ್ಲ. ಈಗ ಪುಣೆಯ ಕಡೆಯೇ ಸಣ್ಣ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಖಾದರ್ ಸಾರ್ ತೀರಿಕೊಂಡಾಗ ಅವಳಿಗೆ ಬರಲಾಗಲಿಲ್ಲ. ನಾನು ಹೋಗಿದ್ದೆ. ಆಮೇಲೆ ಫೋನು ಮಾಡುವುದೂ ಕಡಿಮೆಯಾಯಿತು. ಜಗಳವೇನೂ ಇಲ್ಲ, ದಿನಗಳು ಹಾಗೆ.

ಹೋದ ಮಾರ್ಚಿನಲ್ಲಿ, ಮೊದಲ ದಿನದ ಪರೀಕ್ಷೆ ಕೆಲಸ ಮುಗಿಸಿ ಆ ಸಂಜೆ ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮೈದಾನದ ಕಡೆ ನಡೆದೆ. ಅರ್ಧ ಜಾಗಕ್ಕೆ ಕಬ್ಬಿಣದ ಬೇಲಿ ಹಾಕಿ ಯಾವುದೋ ಕಟ್ಟಡ ಏಳಿಸುತ್ತಿದ್ದರು. ಉಳಿದ ಅರ್ಧದಲ್ಲಿ ನಾಲ್ಕೈದು ಹೆಂಗಸರು ಸೀರೆಯ ಮೇಲೆ ಶೂ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದರು. ಗುಡ್ಡದ ಬಂಡೆಗಳ ಮೇಲೆ ಬಿಸಿಲು ಇನ್ನೂ ಇತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಮಲ್ಲಿಗೆ ಫೋನು ಮಾಡಿದೆ. ಎಷ್ಟೋ ತಿಂಗಳಾಗಿತ್ತು. ಅವಳು ಎತ್ತಿದ್ದೇ, "ಏನಲೇ ಸುಜಿ, ಎಲ್ಲಿ ಅದೀ? ಗಾಳಿ ಸದ್ದು ಕೇಳತೈತಿ," ಅಂದಳು.

ಎಲ್ಲಿದ್ದೇನೆಂದು ಹೇಳಿದೆ. ಅವಳ ಹಿಂದೆ ಹುಡುಗಿಯರು ಓಡಾಡುವ ಸದ್ದು, ಸೀಟಿಯ ಸದ್ದು ಕೇಳುತ್ತಿತ್ತು.

"ಮೇ ತಿಂಗಳಾಗ ಬರ್ತೀನಿ," ಅಂದಳು. "ಅವ್ವನ್ನ ನೋಡಬೇಕು. ಒಂದಿನ ಅಲ್ಲಿಗೆ ಬರೋಣ. ಬಾಲು ನಾ ತರ್ತೀನಿ."

"ಹುಚ್ಚೀ ಏನು? ಐವತ್ತು ಹೆಜ್ಜಿ ಓಡಿದ್ರ ನನಗೀಗ ದಮ್ಮು ಹತ್ತತೈತಿ."

"ನನಗೂ ಓಡಾಕ ಆಗಂಗಿಲ್ಲ ಸುಜಿ. ಮೊಣಕಾಲು ಮಡಚಂಗಿಲ್ಲ ಸರಿಯಾಗಿ. ಮೊದಲಿನಂಗ ಮುಂದ ಮುಂದ ಕಳಿಸಬ್ಯಾಡ," ಅಂದಳು. "ಕಾಲಿಗೇ ಕೊಡಬೇಕು ನೀನು."

"ಕೊಡ್ತೀನಿ," ಅಂದೆ.